ಸ್ಲೋಪ್ ಜಾಸ್ತಿ ಇದ್ದರೆ ಕೋರ್ಸ್ ಕಷ್ಟ ಅಂತಲೇನಾ?

ಹೊಸಟೀ

ನನಗೂ ನನ್ನ ಗೆಳೆಯನಿಗೂ ವಾದ ಹತ್ತಿಕೊಂಡಿದೆ. ನೀವೇ ಬಿಡಿಸಬೇಕು. ಎರಡು ಗಾಲ್ಫ್ ಕೋರ್ಸ್‌ಗಳ ಸ್ಕೋರ್‌ಕಾರ್ಡ್ ಮುಂದಿಟ್ಟುಕೊಂಡು ಕೂತಿದ್ದೇವೆ. ಎರಡಕ್ಕೂ ಪಾರ್, ಅಂದ್ರೆ ಒಳ್ಳೆ ಆಟಗಾರ ತಪ್ಪಿಲ್ಲದೆ ಆಡಿದರೆ ಬೇಕಾಗೋ ಹೊಡೆತ, 72. ಒಂದನ್ನು ‘ಅ’ ಅನ್ನೋಣ. ಅದರ ಕೋರ್ಸ್ ರೇಟಿಂಗ್ 71.0, ಸ್ಲೋಪ್ ರೇಟಿಂಗ್ 140. ಇನ್ನೊಂದು ‘ಬ’. ಅದರ ಕೋರ್ಸ್ ರೇಟಿಂಗ್ 73.8, ಸ್ಲೋಪ್ 128.

ನಾನು ‘ಅ’ ಕಷ್ಟ ಅಂತೀನಿ. ಸ್ಲೋಪ್ 140 ಅಂದ್ರೆ ಸುಮ್ನೇನಾ? ಅವನು ‘ಬ’ ಕಷ್ಟ ಅಂತಾನೆ. ನನ್ನ ಹ್ಯಾಂಡಿಕ್ಯಾಪ್ ಇಂಡೆಕ್ಸ್ (ಆಟದ ಮಟ್ಟ ನೋಡಿ ಸಹಾಯಕ್ಕೆ ಕೊಡೋ ಹೊಡೆತಗಳ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆ ಆಟಗಾರ) 24, ಅವನದು 4. ಚೆನ್ನಾಗಿ ಆಡುವವನು ಅನ್ನೋ ಒಂದೇ ಕಾರಣಕ್ಕೆ ಅವನ ಮಾತು ಒಪ್ಪಬೇಕಾ?

ಮೂರುಪಟ್

ಸ್ಲೋಪ್ ಜಾಸ್ತಿ ಇದ್ದರೆ ಕೋರ್ಸ್ ಕಷ್ಟ. ಇದರಲ್ಲಿ ಕೇಳೋದೇನಿದೆ?

ಲೆಕ್ಕಿಗ

ಕೇಳೋದಿದೆ. ಎಲ್ಲರೂ ಜಾರುವ ಜಾಗವೇ ಇದು. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ಒಂದು ಕೋರ್ಸನ್ನು ರೇಟಿಂಗ್ ಮಾಡುವಾಗ ಇಬ್ಬರು ಆಟಗಾರರನ್ನು ಕಲ್ಪಿಸಿಕೊಳ್ಳುತ್ತಾರೆ. ಒಬ್ಬ ಸ್ಕ್ರ್ಯಾಚ್ ಗಾಲ್ಫರ್, ಅಂದರೆ ಹ್ಯಾಂಡಿಕ್ಯಾಪ್ ಸೊನ್ನೆ ಇರುವವನು. ಇನ್ನೊಬ್ಬ ಬೋಗಿ ಗಾಲ್ಫರ್. ಗಂಡಸರಲ್ಲಿ ಅವನ ಹ್ಯಾಂಡಿಕ್ಯಾಪ್ ಸುಮಾರು 20. ಹೆಂಗಸರಲ್ಲಿ ಸುಮಾರು 24. ಹವಾಮಾನ ಸಾಧಾರಣ, ಕೋರ್ಸ್ ಸಾಧಾರಣ ಸ್ಥಿತಿಯಲ್ಲಿದೆ ಅಂತಿಟ್ಟುಕೊಂಡು, ಒಳ್ಳೆಯ ದಿನ ಈ ಇಬ್ಬರೂ ಎಷ್ಟೆಷ್ಟು ಹೊಡೆತದಲ್ಲಿ ಮುಗಿಸಬಹುದು ಅಂತ ಅಂದಾಜು ಮಾಡುತ್ತಾರೆ. ಸ್ಕ್ರ್ಯಾಚ್ ಆಟಗಾರನ ಅಂದಾಜೇ ಕೋರ್ಸ್ ರೇಟಿಂಗ್. ಬೋಗಿ ಆಟಗಾರನದ್ದು ಬೋಗಿ ರೇಟಿಂಗ್. ಇದು ಸಾಮಾನ್ಯವಾಗಿ ಸ್ಕೋರ್‌ಕಾರ್ಡಿನಲ್ಲಿ ಅಚ್ಚಾಗಿರುವುದಿಲ್ಲ, ಗೊಂದಲಕ್ಕೆ ಅರ್ಧ ಕಾರಣ ಇದೇ.

ಈ ಎರಡರ ನಡುವಿನ ಅಂತರವನ್ನು ಗಂಡಸರಿಗಾದರೆ 5.381ರಿಂದ, ಹೆಂಗಸರಿಗಾದರೆ 4.24ರಿಂದ ಗುಣಿಸಿದರೆ ಬರುವುದು ಸ್ಲೋಪ್. ಅಂದರೆ ಸ್ಲೋಪ್ ಅಳೆಯುವುದು ಕೋರ್ಸ್ ಎಷ್ಟು ಕಷ್ಟ ಅನ್ನೋದನ್ನಲ್ಲ. ಸ್ಕ್ರ್ಯಾಚ್ ಆಟಗಾರನಿಗಿಂತ ಬೋಗಿ ಆಟಗಾರನಿಗೆ *ಎಷ್ಟು ಜಾಸ್ತಿ* ಕಷ್ಟ ಅನ್ನೋದನ್ನು. ಕನಿಷ್ಠ 55, ಗರಿಷ್ಠ 155. ಹೋಲಿಕೆಗೆ ಇಟ್ಟುಕೊಂಡಿರುವ ಮಟ್ಟ 113. ಗಂಡಸರ ಲೆಕ್ಕದಲ್ಲಿ ಸ್ಲೋಪ್ 113 ಇದ್ದರೆ ಇಬ್ಬರ ನಡುವೆ ಸರಿಯಾಗಿ 21 ಹೊಡೆತದ ಅಂತರ.

ಈಗ ನಿಮ್ಮ ಕೋರ್ಸ್‌ಗಳಿಗೆ ಬರೋಣ. ಸ್ಲೋಪನ್ನು 5.381ರಿಂದ ಭಾಗಿಸಿ, ಕೋರ್ಸ್ ರೇಟಿಂಗ್‌ಗೆ ಕೂಡಿಸಿದರೆ ಬೋಗಿ ರೇಟಿಂಗ್ ಸಿಗುತ್ತದೆ.

‘ಅ’: 140 ÷ 5.381 = 26.0. ಅದಕ್ಕೆ 71.0 ಸೇರಿಸಿದರೆ 97.0.
‘ಬ’: 128 ÷ 5.381 = 23.8. ಅದಕ್ಕೆ 73.8 ಸೇರಿಸಿದರೆ 97.6.

ನೋಡಿದಿರಾ? ಸ್ಲೋಪ್ ಕಡಿಮೆ ಇರುವ ‘ಬ’ ಕೋರ್ಸೇ ಬೋಗಿ ಆಟಗಾರನಿಗೂ ಕೂದಲೆಳೆಯಷ್ಟು ಹೆಚ್ಚು ಕಷ್ಟ. ಸ್ಕ್ರ್ಯಾಚ್ ಆಟಗಾರನಿಗಂತೂ 2.8 ಹೊಡೆತ ಜಾಸ್ತಿ. ಹ್ಯಾಂಡಿಕ್ಯಾಪ್ ಸುಮಾರು 26 ದಾಟಿದ ಮೇಲಷ್ಟೇ ‘ಅ’ ಹೆಚ್ಚು ಕಷ್ಟವಾಗುತ್ತದೆ.

ಮೂರುಪಟ್

ಹಾಗಾದ್ರೆ ಇಷ್ಟು ವರ್ಷ ಕಾರ್ಡ್ ನೋಡಿ ಹೆದರಿದ್ದೆಲ್ಲ ದಂಡ 😀

ಬಂಕರ್‌ಬಾಬು

ಲೆಕ್ಕಿಗರೇ, ಲೆಕ್ಕ ಚೆನ್ನಾಗಿದೆ. ಆದರೆ ಆ ಇಬ್ಬರು ಕಲ್ಪನೆಯ ಆಟಗಾರರ ಬಗ್ಗೆಯೇ ನನಗೆ ಅನುಮಾನ. ಬೋಗಿ ಗಾಲ್ಫರ್ ಟೀಯಿಂದ, ಅಂದ್ರೆ ಮೊದಲ ಹೊಡೆತದ ಜಾಗದಿಂದ, 200 ಯಾರ್ಡ್ ಹೊಡೀತಾನೆ ಅಂತ ಪುಸ್ತಕದಲ್ಲಿದೆ. ನನ್ನ ಹ್ಯಾಂಡಿಕ್ಯಾಪ್ 19. ನಾನು 250 ಹೊಡೀತೀನಿ. ಆದರೆ ಎಡಕ್ಕೋ ಬಲಕ್ಕೋ ದೇವರಿಗೇ ಗೊತ್ತು. ನನ್ನಂಥವನಿಗೆ ಈ ರೇಟಿಂಗ್ ಹೇಗೆ ಹೊಂದುತ್ತೆ?

ಲೆಕ್ಕಿಗ

ಪೂರ್ತಿ ಹೊಂದಲ್ಲ. ಮಾದರಿಗಳು ಹೀಗಿವೆ. ಗಂಡಸರಲ್ಲಿ ಸ್ಕ್ರ್ಯಾಚ್ ಆಟಗಾರ ಟೀಯಿಂದ 250 ಯಾರ್ಡ್ ಹೊಡೆಯುತ್ತಾನೆ, 470 ಯಾರ್ಡ್ ಹೋಲನ್ನು ಎರಡು ಹೊಡೆತದಲ್ಲಿ ಮುಟ್ಟುತ್ತಾನೆ. ಬೋಗಿ ಆಟಗಾರನಿಗೆ 200, ಮತ್ತು ಎರಡರಲ್ಲಿ 370. ಹೆಂಗಸರಲ್ಲಿ ಸ್ಕ್ರ್ಯಾಚ್ 210 ಮತ್ತು 400, ಬೋಗಿ 150 ಮತ್ತು 280.

ನೀವು ಉದ್ದ ಹೊಡೆದು ದಾರಿ ತಪ್ಪುವವರು. ಇನ್ನೊಬ್ಬರು ಗಿಡ್ಡ ಹೊಡೆದು ನೇರ ಹೋಗುವವರು. ಇಬ್ಬರ ಹ್ಯಾಂಡಿಕ್ಯಾಪ್ 19 ಇರಬಹುದು. ಅಗಲ ಫೇರ್‌ವೇ (ಹುಲ್ಲು ಕತ್ತರಿಸಿದ ನಡುದಾರಿ) ಇರುವ ಉದ್ದದ ಕೋರ್ಸ್ ನಿಮಗೆ ಹಬ್ಬ, ಅವರಿಗೆ ಶಿಕ್ಷೆ. ಮರಗಳ ನಡುವಿನ ಇಕ್ಕಟ್ಟಿನ ಗಿಡ್ಡ ಕೋರ್ಸ್‌ನಲ್ಲಿ ಇದು ತಿರುಗುಮುರುಗು. ಸ್ಲೋಪ್ ಇದನ್ನು ಹಿಡಿಯಲ್ಲ. ಎರಡೇ ಬಿಂದುಗಳ ಮೇಲೆ ಎಳೆದ ಗೆರೆ ಅದು.

ರಫ್‌ರಾಯ

ನಾನು ಒಂದೆರಡು ಬಾರಿ ರೇಟಿಂಗ್ ತಂಡದ ಜೊತೆ ಟೇಪು, ಕಾಗದ ಹಿಡಿದುಕೊಂಡು ಓಡಾಡಿದ್ದೇನೆ. ಕ್ಲಬ್ ಯಾವುದು ಅಂತ ಕೇಳಬೇಡಿ. ಒಂದು ಹೋಲನ್ನು ಹೇಗೆ ಅಳೆಯುತ್ತಾರೆ ಅಂತ ಹೇಳುತ್ತೇನೆ. ನೋಡಿದರೆ ಮಾತ್ರ ಗೊತ್ತಾಗುವಂಥದ್ದು.

415 ಯಾರ್ಡ್ ಉದ್ದದ ಪಾರ್ 4. ಬಲಕ್ಕೆ 230ರಿಂದ 260 ಯಾರ್ಡ್ ನಡುವೆ ಒಂದು ಬಂಕರ್, ಅಂದರೆ ಮರಳಿನ ಗುಂಡಿ. ಗ್ರೀನ್‌ಗೆ (ಗುಳಿ ಇರುವ ನುಣುಪು ಹುಲ್ಲಿನ ಜಾಗ) ಸ್ವಲ್ಪ ಮುಂಚೆ, 375ರಿಂದ 390ರ ನಡುವೆ ಅಡ್ಡಲಾಗಿ ಒಂದು ತೊರೆ.

ತಂಡದವರು ಗ್ರೀನ್ ಕಡೆ ನೋಡುವುದೇ ಇಲ್ಲ. ಮೊದಲು ಹೋಗಿ ನಿಲ್ಲುವುದು ಟೀಯಿಂದ 250 ಯಾರ್ಡ್ ದೂರದ ಜಾಗದಲ್ಲಿ. ಸ್ಕ್ರ್ಯಾಚ್ ಆಟಗಾರನ ಚೆಂಡು ಬಂದು ನಿಲ್ಲುವ ಜಾಗ ಅದು. ಅಲ್ಲಿ ಫೇರ್‌ವೇ ಎಷ್ಟು ಅಗಲ, ಬಂಕರ್ ಎಷ್ಟು ಹತ್ತಿರ, ಮರ ಎಷ್ಟು ದೂರ, ನಿಲ್ಲುವ ನೆಲ ಸಮ ಇದೆಯಾ ವಾರೆಯಾ, ಎಲ್ಲ ಬರೆದುಕೊಳ್ಳುತ್ತಾರೆ. ಆಮೇಲೆ 50 ಯಾರ್ಡ್ ಹಿಂದಕ್ಕೆ ನಡೆದು 200ರಲ್ಲಿ ನಿಂತು ಮತ್ತೆ ಅದೇ ಕಥೆ, ಈ ಸಲ ಬೋಗಿ ಆಟಗಾರನಿಗಾಗಿ. ಒಂದೇ ಹೋಲ್, ಎರಡು ಬೇರೆ ಬೇರೆ ಲೆಕ್ಕ. ಆ ಬಂಕರ್ ಸ್ಕ್ರ್ಯಾಚ್ ಆಟಗಾರನ ಕಿಸೆಯಲ್ಲೇ ಇದೆ. ಬೋಗಿ ಆಟಗಾರನ ಮೊದಲ ಹೊಡೆತ ಅದನ್ನು ಮುಟ್ಟುವುದೇ ಇಲ್ಲ.

ತೊರೆಯ ವಿಷಯ ಉಲ್ಟಾ. ಸ್ಕ್ರ್ಯಾಚ್ ಆಟಗಾರನಿಗೆ 250 ಮುಗಿದ ಮೇಲೆ ಉಳಿಯುವುದು 165 ಯಾರ್ಡ್. ತೊರೆ ದಾಟಿಸಲು 140 ಸಾಕು. ಅವನಿಗೆ ಅದು ಇದ್ದೂ ಇಲ್ಲ. ಬೋಗಿ ಆಟಗಾರನ ಎರಡನೇ ಹೊಡೆತ ಪೂರ್ತಿ ಹೋದರೆ 370ಕ್ಕೆ ಬಂದು ನಿಲ್ಲುತ್ತದೆ, ತೊರೆಯ ಬಾಯಿಗೆ ಐದು ಯಾರ್ಡ್. ಯಾರು ಆ ಸಾಹಸ ಮಾಡ್ತಾರೆ? 350ರಲ್ಲೇ ನಿಲ್ಲಿಸುತ್ತಾನೆ. ಹಾಗೆ ಕಳೆದುಕೊಂಡ 20 ಯಾರ್ಡನ್ನು ಅವನ ಪಾಲಿನ ಉದ್ದಕ್ಕೆ ಸೇರಿಸುತ್ತಾರೆ. ಅಂದರೆ ಅದೇ ಹೋಲ್ ಒಬ್ಬನಿಗೆ 415, ಇನ್ನೊಬ್ಬನಿಗೆ 435. ಮೂರನೇ ಹೊಡೆತ ತೊರೆ ದಾಟಬೇಕಾದ ಕಷ್ಟಕ್ಕೆ ಅಂಕ ಬೇರೆ.

ಸ್ಲೋಪ್ ಹುಟ್ಟುವುದೇ ಇಂಥ ಜಾಗದಲ್ಲಿ. ಬಂಕರ್ ಸ್ಕ್ರ್ಯಾಚ್ ರೇಟಿಂಗ್ ಏರಿಸುತ್ತದೆ, ಸ್ಲೋಪ್ ಸ್ವಲ್ಪ ಇಳಿಯುತ್ತದೆ. ತೊರೆ ಬೋಗಿ ರೇಟಿಂಗ್ ಏರಿಸುತ್ತದೆ, ಸ್ಲೋಪ್ ಏರುತ್ತದೆ.

ಹೊಸಟೀ

ಅಬ್ಬಾ! ಅಂದ್ರೆ ಒಳ್ಳೆ ಆಟಗಾರರಿಗೆ ಮಾತ್ರ ಕಾಟ ಕೊಡೋ ಬಂಕರ್ ಹಾಕಿದರೆ ಸ್ಲೋಪ್ ಕಡಿಮೆ ಆಗುತ್ತಾ?

ರಫ್‌ರಾಯ

ಹೌದು. ಕೋರ್ಸ್ ಕಷ್ಟ ಆಗಿದೆ, ಸ್ಲೋಪ್ ಇಳಿದಿದೆ.

ಲೆಕ್ಕಿಗ

ರಫ್‌ರಾಯರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬೇರೆಲ್ಲಕ್ಕಿಂತ ಹೆಚ್ಚು ತೂಕ ಇರುವುದು ಉದ್ದಕ್ಕೆ. ಗಂಡಸರ ಲೆಕ್ಕದಲ್ಲಿ ಕೋರ್ಸಿನ ಉದ್ದವನ್ನು 220ರಿಂದ ಭಾಗಿಸಿ 40.9 ಕೂಡಿಸಿದರೆ ಸ್ಕ್ರ್ಯಾಚ್‌ನ ಮೂಲ ಸಂಖ್ಯೆ. 160ರಿಂದ ಭಾಗಿಸಿ 50.7 ಕೂಡಿಸಿದರೆ ಬೋಗಿಯದ್ದು. 6,400 ಯಾರ್ಡ್ ಕೋರ್ಸ್ ತಗೊಳ್ಳಿ. ಸ್ಕ್ರ್ಯಾಚ್ ಸುಮಾರು 70.0, ಬೋಗಿ 90.7. ಒಂದು ಮರ, ಒಂದು ಬಂಕರ್ ಲೆಕ್ಕಕ್ಕೆ ಬರುವ ಮುಂಚೆಯೇ ಸ್ಲೋಪ್ 111ರ ಹತ್ತಿರ ಬಂತು. ಟೀಯನ್ನು ಹಿಂದೆ ಸರಿಸಿ 220 ಯಾರ್ಡ್ ಜಾಸ್ತಿ ಮಾಡಿದರೆ ಸ್ಕ್ರ್ಯಾಚ್‌ಗೆ ಒಂದು ಹೊಡೆತ, ಬೋಗಿಗೆ ಒಂದೂ ಕಾಲಿಗಿಂತ ಸ್ವಲ್ಪ ಹೆಚ್ಚು. ಬರೀ ಉದ್ದವೇ ಸ್ಲೋಪನ್ನು ಮೇಲಕ್ಕೆ ತಳ್ಳುತ್ತದೆ.

ಈ ‘ಉದ್ದ’ ಟೇಪಿನ ಉದ್ದ ಅಲ್ಲ. ಚೆಂಡು ಬಿದ್ದ ಮೇಲೆ ಎಷ್ಟು ಉರುಳುತ್ತದೆ, ಹೋಲ್ ಮೇಲಕ್ಕೋ ಕೆಳಕ್ಕೋ, ದಾರಿ ನಡುವೆ ಬಾಗುವ ಡಾಗ್‌ಲೆಗ್ ಇದೆಯಾ, ತಡೆದು ಹೊಡೆಯಬೇಕಾ, ಗಾಳಿ ಸಾಮಾನ್ಯವಾಗಿ ಯಾವ ಕಡೆಯಿಂದ, ಎಲ್ಲ ಸೇರಿಸಿ ತಿದ್ದಿದ ಉದ್ದ. ಕೋರ್ಸ್ 2,000 ಅಡಿಗಿಂತ ಎತ್ತರದಲ್ಲಿದ್ದರೆ ಅದಕ್ಕೂ ಕಡಿತ ಇದೆ, ತೆಳು ಗಾಳಿಯಲ್ಲಿ ಚೆಂಡು ದೂರ ಹೋಗುತ್ತಲ್ಲ.

ಆಮೇಲೆ ಪ್ರತಿ ಹೋಲ್‌ಗೂ ಹತ್ತು ಅಡೆತಡೆಗಳಿಗೆ 0ರಿಂದ 10ರವರೆಗೆ ಅಂಕ. ನೆಲದ ಏರಿಳಿತ, ಫೇರ್‌ವೇ, ಗ್ರೀನ್ ಎಷ್ಟು ದೊಡ್ಡ ಗುರಿ, ರಫ್ (ಪಕ್ಕದ ಎತ್ತರದ ಹುಲ್ಲು) ಮತ್ತು ಅದರಿಂದ ಪಾರಾಗುವ ಕಷ್ಟ, ಬಂಕರ್, ಅಡ್ಡ ಬರುವ ತಡೆ, ಪಕ್ಕದಲ್ಲಿರುವ ತಡೆ, ಮರ, ಗ್ರೀನ್‌ನ ಮೇಲ್ಮೈ, ಕೊನೆಗೆ ಮಾನಸಿಕ ಒತ್ತಡ.

ಮೂರುಪಟ್

ಮಾನಸಿಕ ಒತ್ತಡಕ್ಕೂ ಅಂಕ ಕೊಡ್ತಾರಾ! ಯಾರ ಮನಸ್ಸು ಸ್ವಾಮಿ? ನನ್ನ ಹೆಂಡತಿ ಜೊತೆ ಆಡುವಾಗ ಹತ್ತಕ್ಕೆ ಹನ್ನೊಂದು.

ರಫ್‌ರಾಯ

ಯಾರೂ ಕೂತು ‘ಇಲ್ಲಿ ಭಯ ಆಗುತ್ತೆ’ ಅಂತ ಬರೆಯುವುದಿಲ್ಲ ಸಾರ್. ಉಳಿದ ಅಡೆತಡೆಗಳಿಗೆ ದೊಡ್ಡ ಅಂಕ ಎಷ್ಟು ಕಡೆ ಬಿದ್ದಿದೆ ಅನ್ನೋದರಿಂದ ತಾನಾಗಿ ಬರುವ ಸಂಖ್ಯೆ ಅದು. ಒಂದೇ ಹೋಲ್‌ನಲ್ಲಿ ನೀರು, ಮರ, ಆಳದ ಬಂಕರ್ ಮೂರೂ ಸೇರಿದರೆ ಮೂರನ್ನು ಕೂಡಿಸಿದ್ದಕ್ಕಿಂತ ಹೆಚ್ಚು ಕಾಡುತ್ತೆ ಅಲ್ವಾ? ಅದನ್ನು ಹಿಡಿಯುವ ದಾರಿ ಇದು.

ಸೀನಿಯರ್‌ಟೀ

ಹುಡುಗರೇ, ಇದರ ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ಲೆಕ್ಕ ಯಾಕೆ ಹೀಗಿದೆ ಅನ್ನೋದು ಆಗ ಗೊತ್ತಾಗುತ್ತದೆ.

ಮೊದಲು ಎಲ್ಲರೂ ಅಳೆಯುತ್ತಿದ್ದುದು ಶ್ರೇಷ್ಠ ಆಟಗಾರನಿಂದ ಮಾತ್ರ. 1870ರಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ ಓಪನ್ ಎಂಬ ದೊಡ್ಡ ಟೂರ್ನಿ ನಡೆಯುವ ಮುಂಚೆ ಡೋಲ್‌ಮನ್ ಎಂಬ ಗಾಲ್ಫ್ ಬರಹಗಾರ ಡೇವಿ ಸ್ಟ್ರಾತ್, ಜೇಮೀ ಆಂಡರ್ಸನ್ ಎಂಬ ವೃತ್ತಿಪರರನ್ನು ಕೇಳಿದ, ಗೆಲ್ಲಲು ಎಷ್ಟು ಬೇಕು ಅಂತ. ಆಗ ಅಲ್ಲಿ 12 ಹೋಲ್. ತಪ್ಪಿಲ್ಲದೆ ಆಡಿದರೆ 49 ಅಂದರು. ಅದನ್ನೇ ಡೋಲ್‌ಮನ್ ಪಾರ್ ಅಂತ ಕರೆದ. ಮೂರು ಸುತ್ತಿಗೆ 147 ಆಯಿತು. ಯಂಗ್ ಟಾಮ್ ಮಾರಿಸ್ 149ಕ್ಕೆ ಗೆದ್ದ.

ಅಲ್ಲಿಂದ ಮುಂದೆ ಬಹಳ ಕಾಲ ಕೋರ್ಸ್ ಎಷ್ಟು ಕಷ್ಟ ಅಂದರೆ ಒಳ್ಳೆಯ ಆಟಗಾರನಿಗೆ ಎಷ್ಟು ಕಷ್ಟ ಅಂತಲೇ ಅರ್ಥ. ಸಾಮಾನ್ಯ ಆಟಗಾರನನ್ನು ಕೇಳುವವರೇ ಇರಲಿಲ್ಲ. ಇದರಿಂದ ನಿಜವಾದ ಅನ್ಯಾಯ ಆಗುತ್ತಿತ್ತು. ನೀರು, ಕಾಡು ತುಂಬಿದ ಕೋರ್ಸಿನ ಸದಸ್ಯನ ಹ್ಯಾಂಡಿಕ್ಯಾಪ್ 22 ಅನ್ನಿ. ಬಯಲಂಥ ಕೋರ್ಸಿನ ಸದಸ್ಯನದ್ದು 17. ಇಬ್ಬರ ಆಟ ಒಂದೇ ಮಟ್ಟದ್ದು. ಬಯಲು ಕೋರ್ಸ್‌ನಲ್ಲಿ ಪಂದ್ಯ ನಡೆದರೆ ಕಾಡಿನವನು ಐದು ಹೊಡೆತ ಪುಕ್ಕಟೆ ತಗೊಂಡು ಕಪ್ ಎತ್ತಿಕೊಂಡು ಹೋಗುತ್ತಿದ್ದ. ಕಾಡಿನಲ್ಲಿ ನಡೆದರೆ ಬಯಲಿನವನಿಗೆ ಚಿತ್ರಹಿಂಸೆ.

ಇದಕ್ಕೆ ಪರಿಹಾರ ಹುಡುಕಿದವರು ಅಮೆರಿಕದ ನೌಕಾಪಡೆಯ ಅಧಿಕಾರಿ ಡೀನ್ ನೂತ್. 1970ರ ದಶಕದಲ್ಲಿ ನೌಕಾಪಡೆಯ ಸ್ನಾತಕೋತ್ತರ ಶಾಲೆಯಲ್ಲಿ ಓದುವಾಗ ಈ ಕೆಲಸಕ್ಕೆ ಕೈಹಾಕಿದರು. ಬೇರೆ ಬೇರೆ ಹ್ಯಾಂಡಿಕ್ಯಾಪ್‌ನವರ ಸ್ಕೋರನ್ನು ಗೆರೆಯಾಗಿ ಎಳೆದರೆ, ಕೆಲವು ಕೋರ್ಸ್‌ಗಳಲ್ಲಿ ಗೆರೆ ಕಡಿದಾಗಿ ಏರುತ್ತದೆ, ಕೆಲವುದರಲ್ಲಿ ಸಾವಕಾಶವಾಗಿ. ಆ ಏರನ್ನು ಅಳೆದರೆ ಹ್ಯಾಂಡಿಕ್ಯಾಪ್ ಒಂದು ಕೋರ್ಸ್‌ನಿಂದ ಇನ್ನೊಂದಕ್ಕೆ ನ್ಯಾಯವಾಗಿ ಸಾಗುತ್ತದೆ. 1982ರಲ್ಲಿ ಕೊಲರಾಡೊ ರಾಜ್ಯದಲ್ಲಿ ಮೊದಲು ಜಾರಿಗೆ ಬಂತು. 1987ರಲ್ಲಿ ಅಮೆರಿಕದಾದ್ಯಂತ. ಅಲ್ಲಿನವರು ಅವರನ್ನು ಪೋಪ್ ಆಫ್ ಸ್ಲೋಪ್ ಅಂತಲೇ ಕರೆದರು. ಬ್ರಿಟನ್ನಿನಲ್ಲಿ ಸ್ಟ್ಯಾಂಡರ್ಡ್ ಸ್ಕ್ರ್ಯಾಚ್ ಸ್ಕೋರ್ ಅನ್ನೋ ಬೇರೆ ಪದ್ಧತಿ ಇತ್ತು, ಅದರಲ್ಲಿ ಸ್ಲೋಪ್ ಇರಲಿಲ್ಲ. 2020ರಲ್ಲಿ ಗಾಲ್ಫ್ ನಿಯಮ ಮಾಡುವ ಎರಡು ಸಂಸ್ಥೆಗಳು, ಅಮೆರಿಕದ ಯುಎಸ್‌ಜಿಎ ಮತ್ತು ಬ್ರಿಟನ್ನಿನ ಆರ್ ಅಂಡ್ ಎ, ಸೇರಿ ವರ್ಲ್ಡ್ ಹ್ಯಾಂಡಿಕ್ಯಾಪ್ ಸಿಸ್ಟಮ್ ತಂದ ಮೇಲೆ ಅಲ್ಲಿಗೂ ಸ್ಲೋಪ್ ಬಂತು.

ಕೆಂಪುಟೀ

ಇಷ್ಟು ಹೊತ್ತು ಬರೀ ಗಂಡಸರ ಲೆಕ್ಕವೇ ಆಯ್ತು. ನಾನು ಒಂದು ಕೇಳ್ತೀನಿ. ನಮ್ಮಲ್ಲಿ ಕೆಲವರು ‘ಹೆಂಗಸರ ಟೀಗೆ ಸ್ಲೋಪ್ ಕಡಿಮೆ, ನಿಮಗೆ ಸುಲಭ’ ಅಂತ ಸದಾ ಹೇಳ್ತಾರೆ. ಅವರು ನೋಡಿರೋದು ಗಂಡಸರಿಗೆ ಆ ಟೀಗೆ ಕೊಟ್ಟ ಸಂಖ್ಯೆ. ಒಂದೇ ಟೀಗೆ ಗಂಡಸರ ರೇಟಿಂಗ್ ಬೇರೆ, ಹೆಂಗಸರ ರೇಟಿಂಗ್ ಬೇರೆ ಅಂತ ಯಾರಾದರೂ ಬಿಡಿಸಿ ಹೇಳಿ, ಲಿಂಕ್ ಕಳಿಸಬೇಕು.

ಲೆಕ್ಕಿಗ

ಖಂಡಿತ ಮೇಡಂ. 6,000 ಯಾರ್ಡ್ ಟೀ ತಗೊಳ್ಳೋಣ. ಅಡೆತಡೆ ಬಿಟ್ಟು ಬರೀ ಉದ್ದ. ಗಂಡಸರಿಗೆ 6,000 ÷ 220 + 40.9 = 68.2. ಹೆಂಗಸರಿಗೆ 6,000 ÷ 180 + 40.1 = 73.4. ಅದೇ ಟೀ, ಅದೇ ಹುಲ್ಲು, ಐದು ಹೊಡೆತದ ವ್ಯತ್ಯಾಸ. ಬೋಗಿಯಲ್ಲಿ ಇನ್ನೂ ಜೋರು. ಹೆಂಗಸರಿಗೆ 120ರಿಂದ ಭಾಗಿಸಿ 51.3 ಕೂಡಿಸಬೇಕು, 101.3 ಬರುತ್ತದೆ. ಗಂಡಸರಿಗೆ 88.2. ಸ್ಲೋಪ್ ಗಂಡಸರಿಗೆ 108ರ ಆಸುಪಾಸು, ಹೆಂಗಸರಿಗೆ 118.

ಪಾರ್‌ನಲ್ಲೂ ಹಾಗೇ. 430 ಯಾರ್ಡ್ ಹೋಲ್ ಗಂಡಸರಿಗೆ ಪಾರ್ 4. ಹೆಂಗಸರಿಗೆ ಪಾರ್ 4ರ ಮಿತಿ 420, ಹಾಗಾಗಿ ಪಾರ್ 5. ಪಾರ್ ಅನ್ನೋದು ಮುಖ್ಯವಾಗಿ ಉದ್ದ ನೋಡಿ ಕೊಟ್ಟ ಸಂಖ್ಯೆ. ಕಷ್ಟ ಅಳೆಯಲು ಅದು ಸಾಲದು. ಪಾರ್ 72 ಇರುವ ಕೋರ್ಸ್‌ಗೆ ರೇಟಿಂಗ್ 68ಕ್ಕೂ ಇಳಿಯಬಹುದು, 76ಕ್ಕೂ ಏರಬಹುದು.

ಕೆಂಪುಟೀ

ಥ್ಯಾಂಕ್ಸ್. ಕಳಿಸಿ ಆಯ್ತು. ಗುಂಪಿನಲ್ಲಿ ಈಗ ಮೌನ.

ಬಂಕರ್‌ಬಾಬು

ಸರಿ, ಇಷ್ಟೆಲ್ಲ ಲೆಕ್ಕ ಹಾಕಿ ಏನು ಬಂತು? ಬೆಳಿಗ್ಗೆ ತಣ್ಣಗೆ ಆಡಿದ ಕೋರ್ಸ್ ಬೇರೆ, ಬಿರುಗಾಳಿಯಲ್ಲಿ ಆಡಿದ್ದು ಬೇರೆ. ಕಾರ್ಡಿನಲ್ಲಿ ಒಂದೇ ಸಂಖ್ಯೆ. ಗಾಳಿ ಬೀಸಿದರೆ ರೇಟಿಂಗ್ ಏನು ಮಾಡುತ್ತೆ?

ಲೆಕ್ಕಿಗ

ಕಾರ್ಡಿನ ಸಂಖ್ಯೆ ಅಲ್ಲಾಡಲ್ಲ. ಅದಕ್ಕೇ ಈಗ ಆ ದಿನದ ತಿದ್ದುಪಡಿ ಅಂತ ಒಂದಿದೆ, ಪಿಸಿಸಿ ಅಂತಾರೆ. ಅವತ್ತು ಆಡಿದವರ ಸ್ಕೋರ್‌ಗಳನ್ನು ಅವರಿಂದ ನಿರೀಕ್ಷಿಸಿದ್ದರ ಜೊತೆ ಹೋಲಿಸಿ, ತೀರಾ ಆಚೀಚೆ ಇದ್ದರೆ ಮಾತ್ರ −1ರಿಂದ +3ರವರೆಗೆ ತಿದ್ದುತ್ತಾರೆ. ಕನಿಷ್ಠ ಎಂಟು ಸ್ಕೋರ್ ಬೇಕು. ಬಹಳ ದಿನ ಅದು ಸೊನ್ನೆಯಲ್ಲೇ ಇರುತ್ತದೆ. ಗಾಳಿಯಲ್ಲಿ ಹತ್ತು ಹೊಡೆತ ಜಾಸ್ತಿ ಆಯ್ತು ಅನ್ನೋವರಿಗೆ ಇದು ಸಮಾಧಾನ ಕೊಡಲ್ಲ.

ಹಸಿರುಗಾವಲು

ನಾನು ಕೋರ್ಸ್ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ನೀವೆಲ್ಲ ಟೀ, ಬಂಕರ್ ಅಂತ ಮಾತಾಡ್ತಿದ್ದೀರಿ. ಕೋರ್ಸ್ ದಿನದಿಂದ ದಿನಕ್ಕೆ ಬದಲಾಗೋದು ಗ್ರೀನ್‌ನಲ್ಲಿ. ಅದನ್ನು ಅಳೆಯುವ ಸಾಧನ ಎಷ್ಟು ಸರಳ ಅಂದರೆ ನಗು ಬರುತ್ತೆ. ಸ್ಟಿಂಪ್‌ಮೀಟರ್. 36 ಇಂಚಿನ ಅಲ್ಯೂಮಿನಿಯಂ ಪಟ್ಟಿ, ಮಧ್ಯೆ ವಿ ಆಕಾರದ ತೋಡು. ಕೆಳತುದಿಯಿಂದ 30 ಇಂಚಿನಲ್ಲಿ ಒಂದು ಸಣ್ಣ ಕಚ್ಚು. ಅಲ್ಲಿ ಚೆಂಡು ಇಟ್ಟು ನಿಧಾನ ಎತ್ತುತ್ತೀರಿ. ಸುಮಾರು 20 ಡಿಗ್ರಿ ಬಂದಾಗ ಚೆಂಡು ತಾನಾಗಿ ಕಚ್ಚಿನಿಂದ ಬಿಟ್ಟುಕೊಂಡು ಉರುಳುತ್ತೆ. ಯಾರು ಎತ್ತಿದರೂ ಅದೇ ಕೋನ, ಅದೇ ವೇಗ. ಎಷ್ಟು ಅಡಿ ಹೋಯ್ತು ಅಂತ ಅಳೆಯಬೇಕು. ಮೂರು ಚೆಂಡು ಈ ಕಡೆಯಿಂದ, ಮೂರು ಆ ಕಡೆಯಿಂದ, ಸರಾಸರಿ. ಸಮ ನೆಲ ಹುಡುಕೋದೇ ದೊಡ್ಡ ಕೆಲಸ. ಇಬ್ಬನಿ ಇದ್ದರೆ ಒಂದು ಸಂಖ್ಯೆ, ಹುಲ್ಲು ಕೊಯ್ದ ಮೇಲೆ ಇನ್ನೊಂದು, ಸಂಜೆ ಹುಲ್ಲು ಬೆಳೆದ ಮೇಲೆ ಮತ್ತೊಂದು.

ಇದು ಹುಟ್ಟಿದ್ದು 1935ರಲ್ಲಿ. ಓಕ್‌ಮಾಂಟ್‌ನಲ್ಲಿ ಯುಎಸ್ ಓಪನ್. ಜೀನ್ ಸರಾಜೆನ್ ಎಂಬ ಆಟಗಾರ ಹೊಡೆದ ಪಟ್ (ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತ) ಗ್ರೀನ್‌ನಿಂದ ಉರುಳಿ ಬಂಕರ್‌ಗೆ ಬಿತ್ತು. ನೋಡುತ್ತಿದ್ದ ಎಡ್ವರ್ಡ್ ಸ್ಟಿಂಪ್‌ಸನ್‌ಗೆ ಗ್ರೀನ್ ಅನ್ಯಾಯವಾಗಿ ವೇಗವಾಗಿದೆ ಅನ್ನಿಸಿ, ಅಳೆಯಲು ಮರದ್ದೊಂದು ಮಾಡಿದ. ಯುಎಸ್‌ಜಿಎ ಅದನ್ನು ಕೈಗೆತ್ತಿಕೊಂಡದ್ದು 1970ರ ದಶಕದಲ್ಲಿ. ತಮಾಷೆ ಏನಂದ್ರೆ ಗ್ರೀನ್ ಅತಿಯಾಗಿದೆ ಅಂತ ತೋರಿಸಲು ಮಾಡಿದ್ದು, ಈಗ ಕ್ಲಬ್‌ಗಳು ‘ನಮ್ಮದು ಹನ್ನೆರಡು, ನಿಮ್ಮದೆಷ್ಟು’ ಅಂತ ಬೀಗೋಕೆ ಬಳಸ್ತಾರೆ. ಸದಸ್ಯರು ಇದೇ ಪೈಪೋಟಿಯಲ್ಲಿ ಹುಲ್ಲನ್ನು ಬೋಳಿಸೋಕೆ ಹೇಳಿ, ಬೇಸಿಗೆಯಲ್ಲಿ ಅದು ಸತ್ತಾಗ ನಮ್ಮನ್ನು ಬಯ್ಯೋರು. ಇರಲಿ ಬಿಡಿ.

ಮೂರುಪಟ್

ನನ್ನ ಹೆಸರಿಗೆ ಕಾರಣ ಗ್ರೀನ್‌ನ ವೇಗ ಅಂತ ಇವತ್ತಿನಿಂದ ಹೇಳಿಕೊಳ್ಳುತ್ತೇನೆ.

ಬಂಕರ್‌ಬಾಬು

ಹಸಿರುಗಾವಲು ಸಾರ್ ಹೇಳಿದ್ದೇ ನನ್ನ ವಾದ. ಟೂರ್ನಿಗೆ ಅಂತ ಗ್ರೀನ್ ಗಟ್ಟಿ ಮಾಡಿ, ರಫ್ ಬೆಳೆಸಿದರೆ ರೇಟಿಂಗ್ ಕಸಕ್ಕೆ ಸಮ. 2006ರಲ್ಲಿ ವಿಂಗ್ಡ್ ಫುಟ್‌ನಲ್ಲಿ ಜೆಫ್ ಓಗಿಲ್ವಿ ಯುಎಸ್ ಓಪನ್ ಗೆದ್ದಾಗ ಪಾರ್‌ಗಿಂತ ಐದು ಜಾಸ್ತಿ. 1974ರಲ್ಲಿ ಅಲ್ಲೇ ಹೇಲ್ ಅರ್ವಿನ್ ಏಳು ಜಾಸ್ತಿ ಹೊಡೆದು ಗೆದ್ದ. 1999ರ ಓಪನ್‌ನಲ್ಲಿ ಕಾರ್ನೂಸ್ಟಿಯಲ್ಲಿ ಪಾಲ್ ಲಾರಿ ಆರು ಜಾಸ್ತಿ. ಇವರೆಲ್ಲ ಸ್ಕ್ರ್ಯಾಚ್‌ಗಿಂತ ಎಷ್ಟೋ ಮೇಲಿನವರು.

ಸೀನಿಯರ್‌ಟೀ

ಅದಕ್ಕೆ ಎದುರಾಗಿ 1973 ಇಟ್ಟುಕೊಳ್ಳಿ. ಓಕ್‌ಮಾಂಟ್‌ನಲ್ಲಿ ಮಳೆಯಿಂದ ಗ್ರೀನ್ ಮೆತ್ತಗಾಗಿತ್ತು, ಜಾನಿ ಮಿಲ್ಲರ್ ಕೊನೆಯ ಸುತ್ತಿನಲ್ಲಿ 63 ಹೊಡೆದ. 2025ರಲ್ಲಿ ಅದೇ ಓಕ್‌ಮಾಂಟ್‌ನಲ್ಲಿ ಜೆ.ಜೆ. ಸ್ಪಾನ್ ನಾಲ್ಕು ಸುತ್ತು ಸೇರಿ ಪಾರ್‌ಗಿಂತ ಒಂದೇ ಒಂದು ಕಡಿಮೆ ಮಾಡಿ ಗೆದ್ದ. ಪಾರ್ ಒಳಗೆ ಮುಗಿಸಿದವನು ಅವನೊಬ್ಬನೇ.

ಲೆಕ್ಕಿಗ

ವೃತ್ತಿಪರರ ಲೆಕ್ಕವೇ ಬೇರೆ ಬಾಬು. ಅವರಿಗೆ ಹ್ಯಾಂಡಿಕ್ಯಾಪ್ ಬೇಡ, ಹಾಗಾಗಿ ಸ್ಲೋಪೂ ಬೇಡ. ಅಲ್ಲಿ ಕಷ್ಟ ಅಳೆಯೋದು ಆಡಿದ ಮೇಲೆ. ಆ ವಾರ ಎಲ್ಲರೂ ಸೇರಿ ಪಾರ್‌ಗಿಂತ ಸರಾಸರಿ ಎಷ್ಟು ಹೆಚ್ಚು ಅಥವಾ ಕಡಿಮೆ, ಯಾವ ಹೋಲ್‌ನಲ್ಲಿ ಎಷ್ಟು. ಹೊಡೆತ ಹೊಡೆತಕ್ಕೂ ಅಳೆಯುವ ಸ್ಟ್ರೋಕ್ಸ್ ಗೇನ್ಡ್ ಅನ್ನೋ ಪದ್ಧತಿ ಬಂದಿದೆ, ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ಬೆಳೆಸಿದ್ದು. ನಮ್ಮಂಥವರ ರೇಟಿಂಗ್ ಆಡುವ ಮುಂಚಿನ ಅಂದಾಜು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಮಾಸ್ಟರ್ಸ್ ನಡೆಯುವ ಅಗಸ್ಟಾ ನ್ಯಾಷನಲ್‌ಗೆ ಅಧಿಕೃತ ರೇಟಿಂಗೇ ಇಲ್ಲ, ಅದರಿಂದ ಟೂರ್ನಿಗೆ ಏನೂ ಕೊರತೆಯಾಗಿಲ್ಲ.

ಬಂಕರ್‌ಬಾಬು

ಅದು ಒಪ್ಪುತ್ತೇನೆ. ಆದರೂ ನನ್ನ ಅಡ್ಡಾದಿಡ್ಡಿ ಹೊಡೆತಕ್ಕೆ ಒಂದು ರೇಟಿಂಗ್ ಬೇಕಿತ್ತು.

ಹೊಸಟೀ

ಇನ್ನೊಂದು ಸಣ್ಣ ಪ್ರಶ್ನೆ. ಕಾರ್ಡಿನಲ್ಲಿ ಸ್ಟ್ರೋಕ್ ಇಂಡೆಕ್ಸ್ (ಹ್ಯಾಂಡಿಕ್ಯಾಪ್ ಹೊಡೆತ ಯಾವ ಹೋಲ್‌ಗೆ ಮೊದಲು ಅನ್ನೋ ಕ್ರಮ) 1 ಅಂತಿರೋದೇ ಅತಿ ಕಷ್ಟದ ಹೋಲ್ ಅಲ್ವಾ?

ರಫ್‌ರಾಯ

ಯಾವಾಗಲೂ ಅಲ್ಲ. 2020ಕ್ಕೂ ಮುಂಚಿನ ಅಮೆರಿಕದ ಪದ್ಧತಿಯಲ್ಲಿ ದುರ್ಬಲ ಆಟಗಾರನಿಗೆ ಸಹಾಯದ ಹೊಡೆತ ಎಲ್ಲಿ ಹೆಚ್ಚು ಬೇಕು ಅನ್ನೋದೇ ಮುಖ್ಯ ವಿಷಯವಾಗಿತ್ತು. ಉದ್ದದ ಪಾರ್ 3 ಇಬ್ಬರಿಗೂ ಸಮನಾಗಿ ಕಷ್ಟ ಇದ್ದರೆ ಅದರ ಇಂಡೆಕ್ಸ್ ಹಿಂದೆ ಹೋಗಬಹುದಿತ್ತು. ಜೊತೆಗೆ ಹೊಡೆತಗಳು ಒಂದೇ ಕಡೆ ಗುಂಪಾಗದಂತೆ ಮೊದಲ ಒಂಬತ್ತು, ಕೊನೆಯ ಒಂಬತ್ತಕ್ಕೆ ಹಂಚುತ್ತಾರೆ. ಅದಕ್ಕೇ ಒಂದು ಕಡೆ ಬೆಸ, ಇನ್ನೊಂದು ಕಡೆ ಸಮ ಸಂಖ್ಯೆ.

ಸೀನಿಯರ್‌ಟೀ

ಕಾರ್ಡ್ ಎಷ್ಟು ಹಳೆಯದು ಅಂತಲೂ ನೋಡಿ. ನಾನು ಆಡುವ ಒಂದು ಕಡೆ ಗಾಳಿಗೆ ಸಾಲು ಮರ ಬಿದ್ದು ಎಷ್ಟೋ ಕಾಲವಾಯ್ತು, ಕಾರ್ಡಿನಲ್ಲಿ ಮರ ಇದ್ದ ಕಾಲದ ಸ್ಲೋಪೇ ಇದೆ. ಹೇಳಿದರೆ ‘ಆಮೇಲೆ ನೋಡೋಣ’ ಅಂತಾರೆ. ನಿಯಮದ ಪ್ರಕಾರ ಕನಿಷ್ಠ ಹತ್ತು ವರ್ಷಕ್ಕೊಮ್ಮೆ ಮತ್ತೆ ಅಳೆಯಬೇಕು. ಹೊಸ ಕೋರ್ಸ್ ಆದರೆ ಮೊದಲ ರೇಟಿಂಗ್ ಆದ ಐದು ವರ್ಷದೊಳಗೆ, ಮರ, ಹುಲ್ಲು ಎಲ್ಲ ಬೆಳೆದು ಬದಲಾಗುತ್ತಿರುತ್ತಲ್ಲ.

ಹೊಸಟೀ

ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ನಮ್ಮಿಬ್ಬರ ಜಗಳ ಏನಾಯ್ತು? ಇಂಡೆಕ್ಸ್ 24 ಮತ್ತು 4.

ಲೆಕ್ಕಿಗ

ಕೋರ್ಸ್ ಹ್ಯಾಂಡಿಕ್ಯಾಪ್ ತೆಗೆದರೆ ಗೊತ್ತಾಗುತ್ತೆ. ಇಂಡೆಕ್ಸನ್ನು ಸ್ಲೋಪ್‌ನಿಂದ ಗುಣಿಸಿ 113ರಿಂದ ಭಾಗಿಸಿ, ಅದಕ್ಕೆ ಕೋರ್ಸ್ ರೇಟಿಂಗ್ ಮತ್ತು ಪಾರ್ ನಡುವಿನ ವ್ಯತ್ಯಾಸ ಸೇರಿಸಿ.

ನಿಮಗೆ ‘ಅ’ದಲ್ಲಿ 24 × 140 ÷ 113 = 29.7. ಅದರಲ್ಲಿ ಒಂದು ಕಳೆದರೆ 28.7, ಅಂದರೆ 29. ‘ಬ’ದಲ್ಲಿ 24 × 128 ÷ 113 = 27.2. ಅದಕ್ಕೆ 1.8 ಸೇರಿಸಿದರೆ 29.0, ಅದೂ 29. ನಿಮಗೆ ಎರಡೂ ಒಂದೇ.

ನಿಮ್ಮ ಗೆಳೆಯನಿಗೆ ‘ಅ’ದಲ್ಲಿ 4, ‘ಬ’ದಲ್ಲಿ 6. ಅವನಿಗೆ ‘ಬ’ ನಿಜವಾಗಿ ಕಷ್ಟ. ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ‘ಬ’ದಲ್ಲಿ ಆಡಿದರೆ ನೀವು ಅವನಿಂದ 23 ಹೊಡೆತ ಪಡೆಯುತ್ತೀರಿ, ‘ಅ’ದಲ್ಲಿ 25.

ಹೊಸಟೀ

ಹಾಗಾದ್ರೆ ‘ಅ’ದಲ್ಲೇ ಆಡ್ತೀವಿ! ಅವನು ಹಿಂದಿನ ಟೀಯಿಂದ, ನಾನು ಮುಂದಿನ ಟೀಯಿಂದ ಆಡಿದರೆ ಲೆಕ್ಕ ಕೆಡುತ್ತಾ?

ಲೆಕ್ಕಿಗ

ಕೆಡಲ್ಲ. ಇಬ್ಬರೂ ಅವರವರ ಟೀಯ ರೇಟಿಂಗ್, ಸ್ಲೋಪ್, ಪಾರ್ ಹಾಕಿಕೊಂಡು ಕೋರ್ಸ್ ಹ್ಯಾಂಡಿಕ್ಯಾಪ್ ತೆಗೆಯಬೇಕು, ಅಷ್ಟೇ. ಆದರೆ ಮುಂದಿನ ಟೀಯಲ್ಲಿ ನಿಮ್ಮ ಹೊಡೆತ 29ಕ್ಕಿಂತ ಇಳಿಯುತ್ತದೆ. ಆ 25 ಸಿಗಲಿಲ್ಲ ಅಂತ ಆಮೇಲೆ ಬಂದು ಇಲ್ಲಿ ಜಗಳ ಆಡಬೇಡಿ.